ಹೆತ್ತವರಿಗೆ ಹೆಗ್ಗಣ ಮುದ್ದು

ಹೋದ ತಿಂಗಳು ನಮ್ಮ ಗಿರಣಿಯ ಗೋದಾಮಿನಲ್ಲಿ ಬೋನಿಗೆ ಒಂದು ಹೆಗ್ಗಣ ಬಿತ್ತು. ಅವತ್ತು ಭಾನುವಾರ. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಬಾಕಿ ಲೆಕ್ಕ ಮುಗಿಸೋಣ ಅಂತ ಹೋಗಿದ್ದೆ. ಜೊತೆಗೆ ಎಂಟು ವರ್ಷದ ಮಗಳೂ ಬಂದಿದ್ದಳು. ಅವಳು ಬೋನಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

ಹೆಗ್ಗಣವನ್ನು ಹತ್ತಿರದಿಂದ ನೋಡಿದವರು ಕಡಿಮೆ. ರಾತ್ರಿ ಗೋಡೆ ಪಕ್ಕ ಸರ್ರನೆ ಓಡುವ ಕಪ್ಪು ನೆರಳು, ಬೆಳಿಗ್ಗೆ ತೂತು ಬಿದ್ದ ಚೀಲ, ನೆಲದ ಮೇಲೆ ಚೆಲ್ಲಿದ ನೆಲ್ಲು. ನಮಗೆ ಗೊತ್ತಿರುವ ಹೆಗ್ಗಣ ಅಷ್ಟೇ. ಬೋನಿನಲ್ಲಿದ್ದದ್ದು ಬಾಲ ಬಿಟ್ಟು ಒಂದು ಗೇಣು ಇತ್ತು. ಒರಟು ಕೂದಲು, ಮೈಗೆಲ್ಲ ಒಣಗಿದ ಮಣ್ಣು. ಮುಂಗಾಲಿನಿಂದ ತಂತಿ ಹಿಡಿದು ನಿಂತಿತ್ತು. ಆ ಕಾಲಿನ ಬೆರಳುಗಳು ತೆಳ್ಳಗೆ, ನಸುಗೆಂಪು. ಮೀಸೆಗೆ ಒಂದು ಹೊಟ್ಟಿನ ಚೂರು ಅಂಟಿಕೊಂಡಿತ್ತು. ಮೂಗು ಒಂದೇ ಸಮನೆ ಅದುರುತ್ತಿತ್ತು. ಹತ್ತಿರ ಹೋದರೆ ಹಂದಿಯ ಹಾಗೆ ಗುರ್ ಅನ್ನುತ್ತಿತ್ತು.

ನಮ್ಮಲ್ಲಿ ಒಬ್ಬರು ವಯಸ್ಸಾದ ಹಮಾಲರಿದ್ದಾರೆ. ತುಂಗಭದ್ರಾ ಕಾಲುವೆ ಬಂದಮೇಲೆ ಆಂಧ್ರದಿಂದ ಬಂದು ಇಲ್ಲಿನ ಕ್ಯಾಂಪುಗಳಲ್ಲಿ ನೆಲೆಸಿದ ಮನೆತನಗಳಲ್ಲಿ ಅವರದ್ದೂ ಒಂದು. ಎಲ್ಲರಿಗೂ ಅವರು ತಾತ. ಅವರು ಮಗಳ ಪಕ್ಕ ಬಂದು ಬಗ್ಗಿ, "ಪಾಪ, ಇದಿ ಪಂದಿಕೊಕ್ಕು" ಅಂದರು.

ಆ ಒಂದು ಮಾತಿಗೆ ನಾನು ಲೆಕ್ಕದ ಪುಸ್ತಕ ಮುಚ್ಚಿಟ್ಟು ಎದ್ದು ಬಂದೆ. ತೆಲುಗಿನಲ್ಲಿ ಪಂದಿ ಅಂದರೆ ಹಂದಿ, ಪಂದಿಕೊಕ್ಕು ಅಂದರೆ ಹಂದಿಯಂಥ ಇಲಿ. ಈ ಪದವೇ ಇಂಗ್ಲಿಷರ ನಾಲಿಗೆಯಲ್ಲಿ ಬ್ಯಾಂಡಿಕೂಟ್ ಆಯಿತು. ಮುಂದೆ ಅವರು ಆಸ್ಟ್ರೇಲಿಯಾದಲ್ಲಿ ಉದ್ದ ಮೂತಿಯ ಬೇರೆಯೇ ಒಂದು ಪ್ರಾಣಿ ನೋಡಿ, ಅದಕ್ಕೂ ಅದೇ ಹೆಸರಿಟ್ಟರು. ಅದು ಇಲಿ ಅಲ್ಲ, ಕಾಂಗರೂವಿನ ಹಾಗೆ ಚೀಲದಲ್ಲಿ ಮರಿ ಸಾಕುವ ಪ್ರಾಣಿ. ಹಾಗೆ ಹೆಸರು ಪಡೆದ ಆ ಪ್ರಾಣಿಯೇ ಮುಂದೆ ವಿಡಿಯೋ ಗೇಮಿನ ನಾಯಕನಾಯಿತು.

"ನಿನ್ನ ಕ್ರ್ಯಾಶ್ ಬ್ಯಾಂಡಿಕೂಟ್ ಐತಲ್ಲ, ಅದರ ಹೆಸರು ಇದರಿಂದಽ ಬಂದದ್ದು" ಅಂತ ಮಗಳಿಗೆ ಹೇಳಿದೆ.

ಅವಳು ಒಮ್ಮೆ ಬೋನು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಅದು ಚಂದ ಐತಿ ಅಪ್ಪಾ" ಅಂದಳು. ಇದು ಚಂದ ಇಲ್ಲ ಅನ್ನುವ ಮಾತನ್ನು ಅದರ ಎದುರಿಗೆ ಹೇಳಲಿಲ್ಲ. ಅವಳು ನೋಡುತ್ತಿದ್ದಳು ಅಂತಲೇ ತಾತ ಅವತ್ತು ಬೋನನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ಕಾಲುವೆ ಆಚೆ ಅದನ್ನು ಬಿಟ್ಟು ಬಂದರು.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಸರಿ. ಆದರೆ ಈ ಹೆಗ್ಗಣದ ಹೆಸರಿನವನನ್ನು ಹೆರದವರೂ ಮುದ್ದು ಮಾಡಿದರಲ್ಲ, ಅದು ಹೇಗೆ? ಗೇಮುಗಳಲ್ಲಿ ಕೆಲವೇ ಪ್ರಾಣಿಗಳು ಮತ್ತೆ ಮತ್ತೆ ಯಾಕೆ ಬರುತ್ತವೆ? ಅವತ್ತಿನಿಂದ ಇದೇ ತಲೆಯಲ್ಲಿ ಓಡುತ್ತಿದೆ.

ನಾನು ಕ್ರ್ಯಾಶ್‌ನನ್ನು ಮೊದಲು ನೋಡಿದ್ದು 2000ದಲ್ಲಿ. ಗಂಗಾವತಿಯ ಒಂದು ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇತ್ತು. ಎರಡು ಟಿವಿ, ಒಂದು ಪ್ಲೇಸ್ಟೇಷನ್, ಗಂಟೆಗೆ 10 ರೂಪಾಯಿ. ಆಡುವವರು ಒಬ್ಬರಾದರೆ ಹಿಂದೆ ನಿಂತು ನೋಡುವವರು ಆರು ಜನ. ನಾನು ಜಾಸ್ತಿ ದಿನ ಆ ಆರು ಜನರಲ್ಲೇ ಇರುತ್ತಿದ್ದೆ. ಗೇಮಿನಲ್ಲಿ ಬರುತ್ತಿದ್ದ ಇಂಗ್ಲಿಷ್ ನಮಗೆ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಆದರೂ ಕ್ರ್ಯಾಶ್ ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಓಡಬೇಕು, ಜಿಗಿಯಬೇಕು, ಬುಗುರಿ ಹಾಗೆ ಸುತ್ತಿ ಪೆಟ್ಟಿಗೆ ಒಡೆಯಬೇಕು.

ಅದನ್ನು ಮಾಡಿದವರು ನಾಟಿ ಡಾಗ್ ಅನ್ನುವ ಅಮೆರಿಕದ ಕಂಪನಿಯ ಆ್ಯಂಡಿ ಗ್ಯಾವಿನ್, ಜೇಸನ್ ರೂಬಿನ್ ಮತ್ತು ಅವರ ತಂಡ. ಗೇಮ್ ಬಂದದ್ದು 1996ರಲ್ಲಿ. ಜನ ಹೆಚ್ಚಾಗಿ ಕೇಳಿರದ ಪ್ರಾಣಿ ಬೇಕು ಅಂತ ಅವರು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಪ್ರಾಣಿಗಳ ಒಂದು ಕೈಪಿಡಿ ಕೊಂಡು ಹುಡುಕಿದರು. ವೊಂಬ್ಯಾಟ್, ಪೊಟೊರೂ, ಬ್ಯಾಂಡಿಕೂಟ್ ಮೂರೂ ಅವರ ಕಣ್ಣಿಗೆ ಬಿದ್ದವು. ಗೇಮ್ ತಯಾರಾಗುವಾಗ ಅದಕ್ಕೆ ಇದ್ದ ಹೆಸರು ವಿಲ್ಲಿ ದ ವೊಂಬ್ಯಾಟ್.

ಕೇಳಿರದ ಪ್ರಾಣಿಯೇ ಯಾಕೆ? ನಾಯಿ ಅಂದರೆ ನಮ್ಮ ತಲೆಯಲ್ಲಿ ಆಗಲೇ ಒಂದು ನಾಯಿ ಇದೆ. ಬೆಕ್ಕು ಅಂದರೂ ಅಷ್ಟೇ. ಬ್ಯಾಂಡಿಕೂಟ್ ಅಂದರೆ ಅಮೆರಿಕದ ಹುಡುಗನ ತಲೆಯಲ್ಲಿ ಏನೂ ಇರಲಿಲ್ಲ. ಖಾಲಿ ಜಾಗ. ಅಲ್ಲಿ ಇವರು ಕೊಟ್ಟದ್ದೇ ರೂಪ ಆಯಿತು. ಆ ರೂಪ ನೋಡಿ. ಮೈ ಕಿತ್ತಳೆ ಬಣ್ಣ, ಯಾಕೆಂದರೆ ಕಾಡಿನ ಹಸಿರು, ಕಲ್ಲಿನ ಬೂದಿಯ ಎದುರು ಅದು ಎದ್ದು ಕಾಣುತ್ತೆ. ಕೆಂಪು ಕೊಟ್ಟಿದ್ದರೆ ಆಗಿನ ಟಿವಿಗಳಲ್ಲಿ ಪಕ್ಕಕ್ಕೆ ಹರಡಿಕೊಳ್ಳುತ್ತಿತ್ತು. ಕುತ್ತಿಗೆ ಇಲ್ಲ. ಆ ಜಾಗವನ್ನೂ ಮುಖಕ್ಕೇ ಕೊಟ್ಟರು, ಸಣ್ಣ ಪರದೆಯಲ್ಲಿ ಮುಖ ದೊಡ್ಡದಾಗಿ ಕಾಣಲಿ ಅಂತ. ಕೈಗೆ ಗ್ಲೌಸ್, ಕೈ ಎಲ್ಲಿದೆ ಅಂತ ತಿಳಿಯಲಿ ಅಂತ. ಎದೆ ತಿಳಿಬಣ್ಣ, ಎತ್ತ ಮುಖ ಮಾಡಿದ್ದಾನೆ ಅಂತ ಗೊತ್ತಾಗಲಿ ಅಂತ. ಆಟದ ತುಂಬ ನಮಗೆ ಕಾಣುವುದು ಅವನ ಬೆನ್ನೇ. ಅದಕ್ಕೇ ದೊಡ್ಡ ಬಂಡೆ ಅಟ್ಟಿಸಿಕೊಂಡು ಬರುವಾಗ ಅವನು ನಮ್ಮ ಕಡೆಗೇ ಓಡಿ ಬರುವ ಹಾಗೆ ಮಾಡಿದರು. ಆಗ ಮುಖ ಕಾಣುತ್ತೆ. ಆ ಗಾಬರಿಯ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೋನಿಕ್ ಅನ್ನುವ ಗೇಮಿನ ಕತೆಯೂ ಹೀಗೇ. ಸೆಗಾ ಕಂಪನಿಯ ಸೋನಿಕ್ ಬಂದದ್ದು 1991ರಲ್ಲಿ. ಮೊದಲು ಅವರು ಯೋಚಿಸಿದ್ದು ಮೊಲ. ಉದ್ದ ಕಿವಿ ಚಾಚಿ ಸಾಮಾನು ಹಿಡಿಯುವ, ಎಸೆಯುವ ಮೊಲ. ಹಿಡಿಯೋಕೆ ನಿಂತರೆ ಓಟ ನಿಂತು ಹೋಗುತ್ತೆ. ಅವರಿಗೆ ಬೇಕಿದ್ದದ್ದು ವೇಗ. ಹಾಗಾಗಿ ಉಂಡೆಯಾಗಿ ಉರುಳುವ ಪ್ರಾಣಿ ಹುಡುಕಿದರು. ನಾವೊಟೊ ಓಷಿಮಾ ಬರೆದ ಹೆಜ್‌ಹಾಗ್ ಗೆದ್ದಿತು. ಅದು ಮೈಮೇಲೆ ಮುಳ್ಳಿರುವ ಪುಟ್ಟ ಪ್ರಾಣಿ, ಹೆದರಿದರೆ ಮುದುಡಿ ಚೆಂಡಾಗುತ್ತೆ. ಉರುಳಿದರೆ ಓಟ, ತಾಗಿದರೆ ಪೆಟ್ಟು. ಎರಡಕ್ಕೂ ಒಂದೇ ಮೈ. ಮಳೆಗಾಲದಲ್ಲಿ ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಳ್ಳುವ ಹುಳ ನಾವೆಲ್ಲ ನೋಡಿದ್ದೇವಲ್ಲ. ಅದನ್ನು ಕಡ್ಡಿಯಿಂದ ಉರುಳಿಸದ ಹುಡುಗ ಇದ್ದಾನಾ? ಹೀಗೆ ಮುಟ್ಟಿದರೆ ಹೀಗೆ ಆಗುತ್ತೆ ಅಂತ ಆ ಹುಳದ ಮೈಯೇ ಹೇಳುತ್ತೆ.

ನನಗೆ ಅನ್ನಿಸುವುದು ಇಷ್ಟೇ. ನೋಡಿದ ಕೂಡಲೇ ಬೆರಳಿಗೆ ಕೆಲಸ ಹೇಳಿಕೊಡುವ ಪ್ರಾಣಿ ಗೇಮಿನಲ್ಲಿ ಉಳಿಯುತ್ತೆ. ಅಂದ ಚಂದ ಆಮೇಲಿನದು.

ಇದನ್ನು ನನಗೆ ಕಲಿಸಿದ್ದು ನಮ್ಮ ಅವ್ವ. ಅವ್ವನಿಗೆ ಓದು ಬರಹ ಇಲ್ಲ. ನಮ್ಮ ಮನೆಗೆ ಮೊದಲು ಬಂದ ಫೋನು ನೋಕಿಯಾ 1100. ಅದರಲ್ಲಿ ಹಾವಿನ ಆಟ ಇತ್ತು. ಹಾವಿನ ಆಟವನ್ನು ನೋಕಿಯಾ ಫೋನಿಗೆ ತಂದವರು ಫಿನ್ಲೆಂಡಿನ ತಾನೆಲಿ ಅರ್ಮಾಂಟೊ, 1997ರ 6110 ಮಾಡೆಲ್ಲಿಗೆ. ಅದಕ್ಕೂ ಮೊದಲೇ, 1976ರಲ್ಲಿ, ಬ್ಲಾಕೇಡ್ ಅನ್ನುವ ಗೇಮ್ ಇತ್ತು. ಅದರಲ್ಲಿ ಬೆಳೆಯುತ್ತ ಹೋಗುವ ಗೆರೆ, ಡಿಕ್ಕಿ ಹೊಡೆದರೆ ಸೋಲು. ಆ ಗೆರೆಯನ್ನೇ ಹಾವು ಅಂದುಬಿಟ್ಟರೆ ಎಲ್ಲ ತಾನಾಗೇ ಅರ್ಥ ಆಗುತ್ತೆ. ಹಾವು ತಿಂದರೆ ಉದ್ದ ಆಗುತ್ತೆ, ಹರಿಯುತ್ತಲೇ ಇರುತ್ತೆ, ತನ್ನ ಮೈಗೆ ತಾನೇ ಸಿಕ್ಕಿಕೊಳ್ಳುತ್ತೆ. ಅವ್ವನಿಗೆ ನಾನು ತೋರಿಸಿದ್ದು ನಾಲ್ಕು ಬಟನ್ ಮಾತ್ರ. ಮೇಲೆ, ಕೆಳಗೆ, ಆ ಕಡೆ, ಈ ಕಡೆ.

ಮಧ್ಯಾಹ್ನ ಊಟ ಆದಮೇಲೆ ಅವ್ವ ಬಾಗಿಲ ಹೊಸ್ತಿಲಿಗೆ ಒರಗಿ ಆಡುತ್ತಿದ್ದಳು. ಹಾವು ತನ್ನ ಬಾಲಕ್ಕೆ ತಾನೇ ತಾಗಿ ಸತ್ತಾಗಲೆಲ್ಲ ಫೋನು ಮಡಿಲಲ್ಲಿಟ್ಟು ಗಲ್ಲ ಗಲ್ಲ ಬಡಿದುಕೊಂಡು "ತಪ್ಪಾತಪ್ಪಾ ನಾಗಪ್ಪ" ಅನ್ನುತ್ತಿದ್ದಳು. ಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ಕೈ ಅದು. ಕಪ್ಪು ಚೌಕಗಳ ಆ ಸಾಲು ಅವಳ ಪಾಲಿಗೆ ಚಿತ್ರ ಆಗಿರಲಿಲ್ಲ, ಹಾವೇ ಆಗಿತ್ತು. ಪಂಚಮಿ ದಿನ ಮಾತ್ರ ಆ ಆಟ ಮುಟ್ಟುತ್ತಿರಲಿಲ್ಲ.

ಹಳೆಯ ಯಂತ್ರಗಳಿಗೆ ಇನ್ನೊಂದು ಕಟ್ಟು ಇತ್ತು. ಟಿವಿಗೆ ಹಚ್ಚಿ ಆಡುತ್ತಿದ್ದೆವಲ್ಲ, ಹಳದಿ ಕ್ಯಾಸೆಟ್ಟಿನ ವಿಡಿಯೋ ಗೇಮ್, ಅದು ನಿಂಟೆಂಡೋದ ಹಳೆಯ ಯಂತ್ರದ ನಕಲು. ಅದರಲ್ಲಿ ಓಡಾಡುವ ಒಂದು ಬೊಂಬೆಯ ತುಣುಕಿಗೆ ಮೂರೇ ಬಣ್ಣ. ಚೌಕಗಳೂ ಕೆಲವೇ. ಅಷ್ಟರಲ್ಲಿ ಮನುಷ್ಯನ ಮುಖ ಬರೆಯೋಕೆ ಆಗುವುದಿಲ್ಲ. ಬಾಯಿ ಬರೆಯೋಕೆ ಜಾಗ ಸಾಲದೆ ನಿಂಟೆಂಡೋದ ಗೇಮ್ ನಾಯಕ ಮಾರಿಯೋಗೆ ಮೀಸೆ ಬಂತು, ಕೂದಲು ಬರೆಯುವುದು ಕಷ್ಟ ಅಂತ ಟೋಪಿ ಬಂತು. ಪ್ರಾಣಿಗೆ ಈ ತಾಪತ್ರಯ ಇಲ್ಲ. ಎರಡು ಉದ್ದ ಕಿವಿ ಎಳೆದರೆ ಮೊಲ. ಒಂದು ಸೊಂಡಿಲು ಎಳೆದರೆ ಆನೆ. ಹೊರಗಿನ ಗೆರೆಯೇ ಸಾಕು.

ಇದು ಎಷ್ಟು ನಿಜ ಅಂತ ಗೊತ್ತಾದದ್ದು ಮಗಳ ಜೊತೆ ಕೂತಾಗ. ಒಂದು ಸಂಜೆ ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಉದ್ದ 16, ಅಗಲ 16 ಮನೆ ಎಣಿಸಿ ಗಡಿ ಹಾಕಿಕೊಟ್ಟೆ. ಒಂದು ಮನೆಗೆ ಒಂದೇ ಬಣ್ಣ ತುಂಬಬೇಕು, ಅದು ನಿಯಮ. ಮೊದಲು ಅವಳು ನನ್ನನ್ನು ಬರೆದಳು. ಯಾರು ಇದು ಅಂತ ಅವ್ವನಿಗೆ ತೋರಿಸಿದರೆ ಅವ್ವ "ಕಂಬ ಏನಽ?" ಅಂದಳು. ಆಮೇಲೆ ಗಿಳಿ ಬರೆದಳು. ಹಸಿರು ಮೈ, ಬಾಗಿದ ಕೊಕ್ಕಿಗೆ ಮೂರು ಕೆಂಪು ಮನೆ. ಅವ್ವ ನೋಡಿದ ಕೂಡಲೇ "ಗಿಳಿ" ಅಂದಳು. ಅಷ್ಟೇ ಅಲ್ಲ, "ಇದು ನಮ್ಮ ಚುಕ್ಕಿ ರಂಗೋಲಿ ಐತಲ್ಲ" ಅಂದಳು.

ನನಗೆ ಅದು ಹೊಳೆದೇ ಇರಲಿಲ್ಲ. ಅವ್ವ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಇಡುವ ಚುಕ್ಕಿಗಳೂ ಇದೇ ಲೆಕ್ಕ. ಚುಕ್ಕಿ ಇಷ್ಟೇ, ಅದರೊಳಗೆ ಪ್ರಾಣಿ ಕೂರಬೇಕು. ರಂಗೋಲಿಯಲ್ಲಿ ಮತ್ತೆ ಮತ್ತೆ ಬರುವುದು ಗಿಳಿ, ನವಿಲು, ಮೀನು, ಆಮೆ, ಆನೆ. ಕತ್ತೆ, ಎಮ್ಮೆಯನ್ನು ನಾನಂತೂ ರಂಗೋಲಿಯಲ್ಲಿ ಕಂಡಿಲ್ಲ. ನಮ್ಮ ಹೆಣ್ಣುಮಕ್ಕಳು ಎಷ್ಟೋ ತಲೆಮಾರಿನಿಂದ ಬಾಗಿಲ ಮುಂದೆ ಮಾಡಿಕೊಂಡು ಬಂದ ಆಯ್ಕೆಯನ್ನೇ ಗೇಮ್ ಮಾಡುವವರೂ ಮಾಡಬೇಕಾಯಿತು.

ಮಂಗಗಳ ವಿಷಯ ಜಾಸ್ತಿ ಹೇಳಬೇಕಿಲ್ಲ. 2011ರ ಟೆಂಪಲ್ ರನ್ ಗೇಮಿನಲ್ಲಿ ಹಿಂದಿನಿಂದ ಮಂಗಗಳು ಅಟ್ಟಿಸಿಕೊಂಡು ಬರುತ್ತವೆ. ಅಂಜನಾದ್ರಿಯ 575 ಮೆಟ್ಟಿಲನ್ನು ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಹತ್ತಿದವರಿಗೆ ಆ ಆಟದ ನಿಯಮ ಯಾರೂ ವಿವರಿಸಬೇಕಾಗಿಲ್ಲ.

ಆ್ಯಂಗ್ರಿ ಬರ್ಡ್ಸ್ ಮಾತ್ರ ನನ್ನ ಲೆಕ್ಕಕ್ಕೆ ಸುಲಭಕ್ಕೆ ಸಿಗಲಿಲ್ಲ. 2009ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ರೋವಿಯೋ ಕಂಪನಿ ತಂದ ಗೇಮ್ ಅದು. ಅಲ್ಲಿ ಮೊದಲು ಹುಟ್ಟಿದ್ದು ಮುಖ, ಆಟ ಅಲ್ಲ. ಯಾಕ್ಕೊ ಈಸಲೊ ಅನ್ನುವವರು ದಪ್ಪ ಹುಬ್ಬು ಗಂಟಿಕ್ಕಿದ ದುಂಡು ಹಕ್ಕಿಗಳ ಚಿತ್ರ ಬರೆದರು. ಅವಕ್ಕೆ ರೆಕ್ಕೆಯೂ ಇಲ್ಲ, ಕಾಲೂ ಇಲ್ಲ. ಎಲ್ಲರಿಗೂ ಇಷ್ಟ ಆಯಿತು. ಆಮೇಲೆ ಇವುಗಳಿಗೆ ಏನು ಆಟ ಕಟ್ಟೋಣ ಅಂತ ಕೂತರು. ಆ ವರ್ಷ ಎಲ್ಲೆಲ್ಲೂ ಹಂದಿಜ್ವರದ ಸುದ್ದಿ, ಶತ್ರುಗಳಾಗಿ ಹಂದಿಗಳು ಬಂದವು. ಹಾಗಾದರೆ ಮುದ್ದು ಮುಖವೇ ಸಾಕಾ? ಯೋಚನೆ ಮಾಡಿದೆ. ಹಾರೋಕೆ ರೆಕ್ಕೆ ಇಲ್ಲ, ನಡೆಯೋಕೆ ಕಾಲಿಲ್ಲ, ಮೈ ದುಂಡು, ಮುಖದ ತುಂಬ ಸಿಟ್ಟು. ಅದನ್ನು ಎತ್ತಿ ಎಸೆಯದೆ ಇನ್ನೇನು ಮಾಡೋಕೆ ಆಗುತ್ತೆ? ಇಲ್ಲೂ ಮೈಯೇ ದಾರಿ ತೋರಿಸಿದೆ. ನಮ್ಮ ಅಜ್ಜ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸೋಕೆ ಕವಣೆ ಬೀಸುತ್ತಿದ್ದ. ಈ ಗೇಮಿನಲ್ಲಿ ಹಕ್ಕಿಯೇ ಕವಣೆಕಲ್ಲು.

ಇನ್ನು ನನಗೆ ನೋವಾಗುವ ವಿಷಯ. ತೋಳ.

ಗೇಮುಗಳಲ್ಲಿ ತೋಳದಷ್ಟು ಸಲ ಸತ್ತ ಪ್ರಾಣಿ ಇನ್ನೊಂದು ಇರಲಿಕ್ಕಿಲ್ಲ. ಸ್ಕೈರಿಮ್‌ನಂಥ ಗೇಮಿನಲ್ಲಿ ಸುಮ್ನೆ ದಾರಿ ಹಿಡಿದು ಹೋಗುತ್ತಿದ್ದರೂ ತೋಳ ಬಂದು ಮೈಮೇಲೆ ಬೀಳುತ್ತೆ. ಆಟಗಾರ ಕತ್ತಿ ಬೀಸುವುದು ಕಲಿಯೋಕೆ ಯಾರೋ ಒಬ್ಬರು ಸಾಯಬೇಕು. ಸತ್ತವರ ಬಗ್ಗೆ ಯಾಕೆ ಅಂತ ಯಾರೂ ಕೇಳಬಾರದು. ಆ ಜಾಗಕ್ಕೆ ತೋಳವನ್ನು ತಂದು ನಿಲ್ಲಿಸುತ್ತಾರೆ. ಅದರ ಬಗ್ಗೆ ಜನರ ಮನಸ್ಸಿನಲ್ಲಿ ಮೊದಲೇ ಭಯ ಇದೆ, ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುವ ಗಾದೆ ನಮ್ಮಲ್ಲೂ ಇದೆಯಲ್ಲ.

ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕಂತಲೇ ಒಂದು ಅಭಯಾರಣ್ಯ ಇದೆ. ಬೆಳಗಿನ ಜಾವ ಬೈಕಿನಲ್ಲಿ ಹೋಗುವಾಗ ಒಂದು ಸಲ ನಾನೇ ತೋಳ ಕಂಡಿದ್ದೇನೆ. ಉದ್ದ ಕಾಲು, ತೆಳ್ಳನೆ ಮೈ, ಒಣಹುಲ್ಲಿನದೇ ಬಣ್ಣ. ರಸ್ತೆ ದಾಟಿ ನಿಂತು ಒಮ್ಮೆ ತಿರುಗಿ ನೋಡಿತು. ಆಮೇಲೆ ಅವಸರವೇ ಇಲ್ಲದೆ ಬಂಡೆ ಹಿಂದೆ ಹೋಯಿತು. ಅದೇ ದಾರಿಯಲ್ಲಿ ಮುಂದೆ ಸಿಕ್ಕ ಕುರಿಗಾಹಿ ಒಬ್ಬರಿಗೆ ಹೇಳಿದೆ. "ಮನಿಷ್ಯಾನ ಕಂಡ್ರ ದೂರ ಹೊಕ್ಕೈತ್ರಿ ಅದು. ಕುರಿ ಕಂಡ್ರ ಬಿಡಂಗಿಲ್ಲ. ನಾಯಿ ಇಟ್ಟೀವಿ, ನಾವೂ ಕಾಯ್ತೀವಿ" ಅಂದರು. ಕುರಿ ಕಳೆದುಕೊಳ್ಳುವ ಮನುಷ್ಯನ ಬಾಯಲ್ಲೇ ಅದರ ಬಗ್ಗೆ ಇಷ್ಟು ಸಮಾಧಾನದ ಮಾತು. ತೋಳವನ್ನು ಕಾಣದೇ ಇರುವವರು ಮಾಡಿದ ಗೇಮಿನಲ್ಲಿ ಆ ಸಮಾಧಾನ ಇಲ್ಲ. ಮೈನ್‌ಕ್ರಾಫ್ಟ್ ಅನ್ನುವ ಗೇಮ್ ಮಾತ್ರ ನನಗೆ ಈ ವಿಷಯದಲ್ಲಿ ಇಷ್ಟ. ಅಲ್ಲಿನ ತೋಳ ನಾವಾಗಿ ಹೊಡೆಯದಿದ್ದರೆ ಮೈಮೇಲೆ ಬರುವುದಿಲ್ಲ. ಮೂಳೆ ಕೊಡುತ್ತ ಹೋದರೆ ಪಳಗಿ ಜೊತೆಗೆ ಬರುತ್ತೆ. ಮಗಳು ಮೊದಲು ತಿಳಿದದ್ದು ಆ ತೋಳವನ್ನು. ಅದು ನನಗೆ ನೆಮ್ಮದಿ.

ಹೆಗ್ಗಣ ಸಿಕ್ಕ ಮುಂದಿನ ವಾರ ಅವಳನ್ನು ದರೋಜಿ ಕರಡಿಧಾಮಕ್ಕೆ ಕರೆದುಕೊಂಡು ಹೋದೆ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ 1994ರಲ್ಲಿ ಆದ ಧಾಮ ಅದು. ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಬಿಸಿಲು ಇಳಿದಮೇಲೆ ಕರಡಿಗಳು ನೆಕ್ಕೋಕೆ ಬರುತ್ತವೆ. ನಾವು ದೂರದ ಗೋಪುರದಿಂದ ನೋಡಬೇಕು. ನಾಲ್ಕೂವರೆ ಹೊತ್ತಿಗೆ ಬಂಡೆಗಳ ಸಂದಿಯಿಂದ ಒಂದು ಕಪ್ಪು ಮುದ್ದೆ ಹೊರಗೆ ಬಂತು. ಬೈನಾಕ್ಯುಲರ್ ಮಗಳ ಕೈಯಲ್ಲಿತ್ತು. "ಅಪ್ಪಾ, ಬೆನ್ನಿಗೆ ಬ್ಯಾಗು ಹಾಕ್ಕೊಂಡಂಗ ಐತಿ" ಅಂದಳು. ನಾನು ತೆಗೆದುಕೊಂಡು ನೋಡಿದೆ. ಬೆನ್ನ ಮೇಲೆ ಮರಿ. ತಾಯಿಯ ಉದ್ದ ಕೂದಲನ್ನು ಬಿಗಿಯಾಗಿ ಹಿಡಿದು ಕವುಚಿಕೊಂಡಿತ್ತು. ತಾಯಿ ಬಂಡೆ ಹತ್ತಿದರೂ ಜಾರಲಿಲ್ಲ.

ಕರಡಿಗಳಲ್ಲಿ ಹೀಗೆ ಮರಿಯನ್ನು ಬೆನ್ನಲ್ಲೇ ಹೊತ್ತು ತಿರುಗುವ ರೂಢಿ ಇರುವುದು ನಮ್ಮ ಈ ಕರಡಿಗೆ. 1998ರಲ್ಲಿ ರೇರ್ ಕಂಪನಿ ಬ್ಯಾಂಜೋ ಕಝೂಯಿ ಅಂತ ಗೇಮ್ ಮಾಡಿತು. ಅದರಲ್ಲಿ ಕರಡಿಯ ಬೆನ್ನ ಚೀಲದಲ್ಲಿ ಒಂದು ಹಕ್ಕಿ ಕೂತಿರುತ್ತೆ. ಇಬ್ಬರೂ ಸೇರಿ ಒಂದೇ ಆಟ. ಕರಡಿ ನಡೆಯುತ್ತೆ, ಹಕ್ಕಿ ಹಾರಿಸುತ್ತೆ. ನಮ್ಮ ಕರಡಿಗೆ ಚೀಲವೇ ಬೇಡ. ಹುತ್ತ ಬಗೆಯೋಕೆ ಕೊಕ್ಕೆಯಂಥ ಉಗುರಿದೆ. ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸರ್ರನೆ ಎಳೆದುಕೊಳ್ಳುತ್ತೆ. ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳೋಕೂ ಬರುತ್ತೆ. ಬಗೆ, ಊದು, ಹೀರು, ಹೊತ್ತು ನಡೆ. ಒಂದೊಂದಕ್ಕೆ ಒಂದೊಂದು ಬಟನ್ ಇಟ್ಟರೆ ಆಟ ಅರ್ಧ ತಯಾರು. ಇಂಥ ಪ್ರಾಣಿ ನಮ್ಮ ಪಕ್ಕದ ಗುಡ್ಡದಲ್ಲಿದೆ. ಇದನ್ನು ಯಾರಾದರೂ ಒಳ್ಳೆಯ ಗೇಮ್ ಮಾಡಲಿ ಅಂತ ನನಗೆ ಬಹಳ ಆಸೆ.

ಮನೆಗೆ ಬಂದವಳೇ ಮಗಳು ಚೌಕುಳಿ ನೋಟ್‌ಬುಕ್ ತೆಗೆದಳು. ತಾಯಿ ಕರಡಿಗೆ ಕಪ್ಪು ತುಂಬಿದಳು. ಮೂತಿಗೆ ನಾಲ್ಕು ಮನೆ ಬೂದಿ ಬಣ್ಣ. ಬೆನ್ನ ಮೇಲೆ ಮರಿಯನ್ನೂ ಕಪ್ಪಾಗಿ ತುಂಬಿದಳು. ದೂರ ಹಿಡಿದು ನೋಡಿದರೆ ಮರಿ ಕಾಣುತ್ತಿಲ್ಲ, ಗೂನು ಬೆನ್ನಿನ ಒಂದೇ ಕರಡಿ. ಹಾಳೆ ಹರಿದಳು. ಎರಡನೆಯದರಲ್ಲಿ ತಾಯಿಗೂ ಮರಿಗೂ ನಡುವೆ ಒಂದು ಸಾಲು ಮನೆ ಖಾಲಿ ಬಿಟ್ಟಳು. ಆಗ ಮರಿ ಗಾಳಿಯಲ್ಲಿ ತೇಲಿದ ಹಾಗೆ ಕಂಡಿತು. ಅದನ್ನೂ ಹರಿದಳು. ಮೂರನೆಯದರಲ್ಲಿ ಮರಿಗೆ ಕಿತ್ತಳೆ ಪೆನ್ಸಿಲ್ ಹಿಡಿದಳು.

"ಮರಿನೂ ಕರೇದಽ ಇತ್ತಲ್ಲ" ಅಂದೆ.

"ಕಾಣಬೇಕಲ್ಲಪ್ಪಾ" ಅಂದಳು, ತಲೆ ಎತ್ತದೆ.

ಆ ಹಾಳೆ ಈಗ ಗಿರಣಿಯಲ್ಲಿ ನನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿದೆ. ಸೋಮವಾರ ತಾತ ಕೂಲಿ ಲೆಕ್ಕಕ್ಕೆ ಬಂದವರು ಅದರ ಮುಂದೆ ನಿಂತರು. ಅವರ ಕಣ್ಣು ಈಗ ಮಂಜು ಮಂಜು, ಸ್ವಲ್ಪ ಹತ್ತಿರ ಹೋಗಿ ನೋಡಿದರು. ಕಪ್ಪಿನ ಮೇಲೆ ಬೆರಳಿಟ್ಟು "ಎಲುಗುಬಂಟಿ" ಅಂದರು, ಅಂದರೆ ಕರಡಿ. ಬೆರಳು ಮೇಲಕ್ಕೆ ಸರಿಯಿತು, ಕಿತ್ತಳೆ ಮನೆಗಳ ಮೇಲೆ ನಿಂತಿತು. "ದಾನಿ ಪಿಲ್ಲ" ಅಂದರು. ಅದರ ಮರಿ.